ಪಕ್ಕೆಲುಬು ಕಂಡರೆ ಗಾಬರಿ ಬೇಡ, ಹೊಟ್ಟೆ ಉಬ್ಬಿದರೆ ಹುಷಾರ್!

'ಏನ್ರೀ, ನಾಯಿಗೆ ಸರಿಯಾಗಿ ಊಟ ಹಾಕಲ್ವಾ? ಪಕ್ಕೆಲುಬು ಎಣಿಸಬಹುದಲ್ರೀ!'

ಬೆಳಿಗ್ಗೆ ವಾಕಿಂಗ್ ಹೊರಟರೆ ಸಾಕು, ಯಾರಾದರೊಬ್ಬರು ಈ ಮಾತು ಹೇಳಿಯೇ ತೀರುತ್ತಾರೆ. ನಮ್ಮ ಮನೆಯಲ್ಲಿರುವುದು ಮುಧೋಳ ನಾಯಿ. ಹೆಸರು ಚಿಗರಿ. ಬಾಗಲಕೋಟೆ ಜಿಲ್ಲೆಯ ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ ತಳಿ ಇದು. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದ್ದು ನಿಮಗೂ ನೆನಪಿರಬಹುದು. ವಿದೇಶದ ಗ್ರೇಹೌಂಡ್ ಇದ್ದಂತೆಯೇ ಇದೂ ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯಾಡುವ ಬಳಗದ್ದು. ಉದ್ದ ಕಾಲು, ಆಳವಾದ ಎದೆ, ಬೆನ್ನಿಗೆ ಅಂಟಿಕೊಂಡಂಥ ಹೊಟ್ಟೆ. ಕಟ್ಟುಮಸ್ತಾದ ಲ್ಯಾಬ್ರಡಾರ್ ನೋಡಿ ರೂಢಿಯಾದ ನಮ್ಮ ಕಣ್ಣಿಗೆ ಇದು ಉಪವಾಸ ಬಿದ್ದ ನಾಯಿಯಂತೆ ಕಾಣುವುದು ಸಹಜ.

ಆದರೆ ಇದರ ಆರೋಗ್ಯ ಇರುವುದೇ ಆ ತೆಳುವಿನಲ್ಲಿ. ಕೊನೆಯ ಎರಡು ಮೂರು ಪಕ್ಕೆಲುಬು, ಸೊಂಟದ ಮೂಳೆ ತುಸು ಕಾಣುತ್ತಿದ್ದರೆ ತೂಕ ಸರಿಯಾಗಿದೆ ಎಂದೇ ಅರ್ಥ. ಎಲ್ಲ ಪಕ್ಕೆಲುಬೂ ಎದ್ದು ಕಂಡು, ಬೆನ್ನುಮೂಳೆ ಕೈಗೆ ಚುಚ್ಚುವಂತಿದ್ದರೆ ಮಾತ್ರ ಡಾಕ್ಟರ ಬಳಿ ಹೋಗಿ. ಹಗಲೆಲ್ಲ ಸೋಫಾ ಮೇಲೆ ಬಿದ್ದುಕೊಂಡು ನಿದ್ದೆ ಹೊಡೆಯುತ್ತದೆ ಅಂತ ಚಿಂತೆಯೂ ಬೇಡ. ಓಡುವಾಗ ಬಿರುಗಾಳಿ, ಮಿಕ್ಕ ಹೊತ್ತು ಶುದ್ಧ ಸೋಮಾರಿ!

ಅಕ್ಕಪಕ್ಕದವರ ಮಾತಿಗೆ ಬೇಸತ್ತು ಒಂದೆರಡು ತಿಂಗಳು ನಾನೂ ಅದಕ್ಕೆ ಮತ್ತೆ ಮತ್ತೆ ಬಡಿಸಿದ್ದೆ. ಅದರ ಫಲ ಉಂಡಿದ್ದು ಮೂರು ವರ್ಷದ ಹಿಂದಿನ ಗಣೇಶನ ಹಬ್ಬದ ರಾತ್ರಿ.

ಆ ಒಂದು ರಾತ್ರಿ

ಮನೆ ತುಂಬ ನೆಂಟರು. 'ಹಬ್ಬದ ದಿನ ಅದಕ್ಕೂ ಹೊಟ್ಟೆ ತುಂಬ ಹಾಕಮ್ಮಾ, ಪಾಪ' ಅಂದರು ನಮ್ಮತ್ತೆ. ತಟ್ಟೆ ತುಂಬ ಅನ್ನ-ಮೊಸರು, ಮೇಲೆ ಎರಡು ಒಬ್ಬಟ್ಟು. ತಿಂದ ಹತ್ತೇ ನಿಮಿಷಕ್ಕೆ ಮಕ್ಕಳು ಅದನ್ನು ಟೆರೇಸಿಗೆ ಕರೆದೊಯ್ದು ಓಡಿಸಿದರು. ರಾತ್ರಿ ಒಂಬತ್ತರ ಹೊತ್ತಿಗೆ ಚಿಗರಿ ನಿಂತಲ್ಲಿ ನಿಲ್ಲುತ್ತಿಲ್ಲ, ಕೂತಲ್ಲಿ ಕೂರುತ್ತಿಲ್ಲ. ವಾಂತಿ ಮಾಡಲು ಒದ್ದಾಡುತ್ತದೆ, ಬರೀ ನೊರೆ. ಬಾಯಿಂದ ಜೊಲ್ಲು. ಹೊಟ್ಟೆ ಮುಟ್ಟಿದರೆ ಡೋಲಿನಂತೆ ಬಿಗಿ.

'ಗ್ಯಾಸ್ ಇರಬೇಕು' ಅಂತ ಅತ್ತೆ ಓಮದ ಕಷಾಯಕ್ಕಿಟ್ಟರು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಆದರೆ ಅದು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ. ಒಂದು ಆಸ್ಪತ್ರೆ ಬಾಗಿಲು ಹಾಕಿತ್ತು, ಇನ್ನೊಂದರಲ್ಲಿ ಫೋನ್ ಎತ್ತಲಿಲ್ಲ. ಮೂರನೆಯದಕ್ಕೆ ತಲುಪಿದಾಗ ಗಂಟೆ ಹನ್ನೊಂದು. ಎಕ್ಸ್‌ರೇ ತೆಗೆದ ಡಾಕ್ಟರು, ಜಠರದಲ್ಲಿ ಗಾಳಿ ತುಂಬಿದೆ, ಪುಣ್ಯಕ್ಕೆ ಇನ್ನೂ ತಿರುಚಿಕೊಂಡಿಲ್ಲ ಅಂದರು. ಬಾಯಿಂದ ಕೊಳವೆ ಇಳಿಸಿ ಗಾಳಿ ತೆಗೆದರು. ತಿರುಚಿಕೊಂಡಿದ್ದರೆ ರಕ್ತ ಸಂಚಾರವೇ ನಿಂತುಹೋಗಿ, ತಕ್ಷಣ ಆಪರೇಷನ್ ಮಾಡದೆ ಬೇರೆ ದಾರಿ ಇರುತ್ತಿರಲಿಲ್ಲವಂತೆ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವ ಕಾಯಿಲೆ ಇದು. ಎದೆ ಆಳವಾಗಿರುವ ನಾಯಿಗಳಿಗೆ ಇದರ ಅಪಾಯ ಹೆಚ್ಚು.

ಹಾಗಾಗಿ ದಿನದ ಊಟವನ್ನು ಎರಡು ಮೂರು ಹೊತ್ತಿಗೆ ಹಂಚಿ ಹಾಕಿ. ಊಟಕ್ಕೆ ಮುಂಚೆ, ಊಟವಾದ ಮೇಲೆ ಒಂದು ಗಂಟೆಯಾದರೂ ಓಟ, ಆಟ ಬೇಡ. ಹೊಟ್ಟೆ ಉಬ್ಬಿ, ಬರಿದೇ ಓಕರಿಸುತ್ತಿದ್ದರೆ ಈನೋ, ಓಮ, ಇಂಗು ಅಂತ ಪ್ರಯೋಗ ಮಾಡುತ್ತ ಕೂರಬೇಡಿ, ಸೀದಾ ಆಸ್ಪತ್ರೆಗೆ. ರಾತ್ರಿ ತೆರೆದಿರುವ ಪಶು ಚಿಕಿತ್ಸಾಲಯ ನಿಮ್ಮ ಏರಿಯಾದಲ್ಲಿ ಯಾವುದಿದೆ ಅಂತ ಇವತ್ತೇ ವಿಚಾರಿಸಿ, ನಂಬರು ಫ್ರಿಜ್ ಮೇಲೆ ಅಂಟಿಸಿ. ಪಾಯಸದ ದ್ರಾಕ್ಷಿ, ಹುಳಿಯ ಈರುಳ್ಳಿ-ಬೆಳ್ಳುಳ್ಳಿ, ಚಾಕೊಲೇಟ್ ಇವೆಲ್ಲ ಯಾವ ನಾಯಿಗೂ ವಿಷವೇ. ನಮ್ಮ ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳನ್ನೂ ನಿಮಗೆ ನೀವೇ ಕೊಡಲು ಹೋಗಬೇಡಿ.

ಕೊರಳಪಟ್ಟಿಯಿಂದ ಹಾಸಿಗೆವರೆಗೆ

ಈ ನಾಯಿಗಳ ತಲೆ ಕತ್ತಿಗಿಂತ ಸಣ್ಣದು. ಮಾಮೂಲಿ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿ ಕ್ಷಣದಲ್ಲಿ ನುಣುಚಿಕೊಳ್ಳುತ್ತವೆ. ಎಳೆದಾಗ ತುಸು ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವ 'ಮಾರ್ಟಿಂಗೇಲ್' ಎಂಬ ಅಗಲವಾದ ಪಟ್ಟಿ ಸಿಗುತ್ತದೆ, ಅದನ್ನೇ ತನ್ನಿ. ಬೆಕ್ಕೋ ಅಳಿಲೋ ಕಂಡರೆ ಎಷ್ಟು ಕೂಗಿದರೂ ಕಿವಿಗೆ ಬೀಳುವುದಿಲ್ಲ. ಬೇಲಿಯಿಲ್ಲದ ಜಾಗದಲ್ಲಿ ಸರಪಳಿ ಬಿಚ್ಚಲೇಬೇಡಿ. ದೀಪಾವಳಿ ಪಟಾಕಿಯ ದಿನಗಳಲ್ಲಂತೂ ಇನ್ನೂ ಜೋಪಾನ.

ಚರ್ಮ ತೀರಾ ತೆಳು. ಗೇಟಿನ ಚಿಲಕ ತಗುಲಿದರೂ, ಬೋಗನ್‌ವಿಲ್ಲಾ ಮುಳ್ಳು ಗೀರಿದರೂ ಹರಿದು ಹೊಲಿಗೆ ಬೀಳುತ್ತದೆ. ಕೊಬ್ಬು ಕಡಿಮೆಯಾದ್ದರಿಂದ ಬೆಂಗಳೂರಿನ ಡಿಸೆಂಬರ್ ಚಳಿಗೂ ನಡುಗುತ್ತವೆ. ಮಕ್ಕಳ ಹಳೇ ಸ್ವೆಟರು ಸಾಕು, ಅಂಗಡಿಯದೇ ಆಗಬೇಕಿಲ್ಲ. ಬರೀ ಟೈಲ್ಸ್ ಮೇಲೆ ಮಲಗಿದರೆ ಮೊಣಕೈ ಒರಟಾಗಿ ಗಾಯವಾಗುತ್ತದೆ, ದಪ್ಪನೆಯ ಹಳೇ ರಜಾಯಿ ಹಾಸಿ. ನಡೆಯುವಾಗ ಜಾರುವ ಕಡೆಗೆ ಒಂದು ಚಾಪೆ ಇರಲಿ.

ಇನ್ನು ಉಣ್ಣೆ ಹುಳುಗಳ ಕಾಟ. ಟಿಕ್ ಫೀವರ್ ನಮ್ಮ ನಗರದ ನಾಯಿಗಳನ್ನು ಕಾಡುವ ದೊಡ್ಡ ಶತ್ರು. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿನಲ್ಲಿ ಹುಡುಕಿ. ಕೂದಲು ಗಿಡ್ಡವಾದ್ದರಿಂದ ಐದು ನಿಮಿಷದ ಕೆಲಸ. ಇಲ್ಲೊಂದು ಸೂಕ್ಷ್ಮವಿದೆ. ಈ ಜ್ವರದಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಗ್ರೇಹೌಂಡ್‌ಗಳಲ್ಲಿ ಆರೋಗ್ಯವಾಗಿದ್ದಾಗಲೂ ಪ್ಲೇಟ್‌ಲೆಟ್, ಥೈರಾಯ್ಡ್ ಅಂಶ ಬೇರೆ ನಾಯಿಗಳಿಗಿಂತ ಕಡಿಮೆ, ಕೆಂಪು ರಕ್ತಕಣ ಹೆಚ್ಚು. ಅದೇ ಬಳಗದ ನಮ್ಮ ನಾಯಿಗಳ ರಕ್ತವನ್ನೂ ಅವು ಗಟ್ಟಿಮುಟ್ಟಾಗಿದ್ದಾಗ ಒಮ್ಮೆ ಪರೀಕ್ಷೆ ಮಾಡಿಸಿ, ರಿಪೋರ್ಟ್ ಲಸಿಕೆ ಕಾರ್ಡಿನ ಜೊತೆ ಎತ್ತಿಡಿ. ಮುಂದೆ ಜ್ವರ ಬಂದಾಗ ಡಾಕ್ಟರಿಗೆ ಹೋಲಿಸಿ ನೋಡಲು ಆಗುತ್ತದೆ.

ಸಂತಾನಹರಣ ಆಪರೇಷನ್ ಮಾಡಿಸುವಾಗ 'ಇದು ಗ್ರೇಹೌಂಡ್ ಜಾತಿಯದು ಸಾರ್' ಅಂತ ನೀವಾಗಿಯೇ ಹೇಳಿ, ನಾಚಿಕೊಳ್ಳಬೇಡಿ. ಥಯೋಪೆಂಟಾಲ್‌ನಂಥ ಹಳೆಯ ಅರಿವಳಿಕೆಗಳು ಗ್ರೇಹೌಂಡ್‌ಗಳ ಮೈಯಿಂದ ಬೇಗ ಇಳಿಯುವುದಿಲ್ಲ, ಎಚ್ಚರವಾಗಲು ತುಂಬ ಹೊತ್ತು ಹಿಡಿಯುತ್ತದೆ. ಈಗ ಬೇರೆ ಸುರಕ್ಷಿತ ಔಷಧಿಗಳಿವೆ. ಜೊತೆಗೊಂದು ಕಂಬಳಿ ಒಯ್ಯಿರಿ, ಆಪರೇಷನ್ ಆದ ಮೇಲೆ ಮೈ ತಣ್ಣಗಾಗುತ್ತದೆ.

ಮರಿ ತರಬೇಕೆಂದಿದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ, ಅಲ್ಲಿ ವಿಚಾರಿಸಬಹುದು. ಆದರೆ ದಿನಕ್ಕೆ ಎರಡು ಸಲ ಹೊರಗೆ ಕರೆದೊಯ್ಯಲು ಪುರುಸೊತ್ತಿಲ್ಲ, ಬಾಲ್ಕನಿಯಲ್ಲಿ ಕಟ್ಟಿಹಾಕುತ್ತೇವೆ ಅನ್ನುವವರು ದಯವಿಟ್ಟು ತರಬೇಡಿ.

ಅಂದಹಾಗೆ, ಚಿಗರಿಯ ಅನ್ನ ಅಳೆಯುವ ಲೋಟ ಈಗ ನಮ್ಮತ್ತೆಯ ಸುಪರ್ದಿನಲ್ಲಿದೆ. ಒಂದು ಹಿಡಿ ಹೆಚ್ಚಿಗೆ ಹಾಕಲು ನನಗೂ ಬಿಡುವುದಿಲ್ಲ.