ಕೃತಕ ಅನುರಣನದಲ್ಲಿ ಸಹಜತೆ

ಸಭಾಂಗಣದಲ್ಲಿ ಹಾಡು ನಿಂತ ಮೇಲೂ ನಾದವು ಕ್ಷಣಕಾಲ ಉಳಿದು ಕ್ರಮೇಣ ಅಡಗುವುದಷ್ಟೆ, ಇದೇ ಅನುರಣನ. ನಾದದ ಮಟ್ಟವು 60 ಡೆಸಿಬೆಲ್ ಇಳಿಯಲು ಹಿಡಿಯುವ ಅವಧಿಯೇ ಇದರ ಅಳತೆ.

ಯಂತ್ರದಲ್ಲಿ ಒಂದೇ ವಿಳಂಬದ ಪ್ರತಿಧ್ವನಿಯನ್ನು ಮರಳಿ ಮರಳಿ ಹಾಯಿಸಿದರೆ ಕೆಲವು ಸ್ವರಗಳು ಮಾತ್ರ ಉಬ್ಬಿ, ಕೊಳವೆಯೊಳಗೆ ಹಾಡಿದಂತೆ ಕೇಳಿಸುವುದು. ಇದಕ್ಕೆ ಬೆಲ್ ಪ್ರಯೋಗಶಾಲೆಯ ಮ್ಯಾನ್‌ಫ್ರೆಡ್ ಶ್ರೋಡರ್ ಅವರು 1962ರಲ್ಲಿ ಪರಿಹಾರವನ್ನು ಪ್ರಕಟಿಸಿದರು. 30ರಿಂದ 45 ಮಿಲಿಸೆಕೆಂಡುಗಳೊಳಗಿನ ಭಿನ್ನ ವಿಳಂಬಗಳುಳ್ಳ ನಾಲ್ಕು ಪ್ರತಿಧ್ವನಿಕಾರಕಗಳನ್ನು ಸಮಾಂತರವಾಗಿ ಜೋಡಿಸುವುದು. ಬಳಿಕ, ಸ್ವರಗಳ ಬಲವನ್ನು ಏರುಪೇರುಗೊಳಿಸದೆ ಪ್ರತಿಧ್ವನಿಗಳನ್ನು ಹೆಚ್ಚಿಸುವ ಎರಡು ಘಟ್ಟಗಳನ್ನು ದಾಟಿಸುವುದು. ವಿಳಂಬಗಳಿಗೆ ಸಾಮಾನ್ಯ ಅಪವರ್ತನವಿರಬಾರದು. ಇದ್ದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುವುವು. ಸೆಕೆಂಡಿಗೆ ಸುಮಾರು 1000 ಪ್ರತಿಧ್ವನಿಗಳಾದಾಗ ಕಿವಿಯು ಅವನ್ನು ಬಿಡಿಯಾಗಿ ಗುರುತಿಸಲಾರದು.

ಇಂದಿನ ಧ್ವನಿಮುದ್ರಣ ಪ್ಲಗಿನ್‌ಗಳಲ್ಲಿ ಅನೇಕವು ಇದೇ ತತ್ತ್ವವನ್ನು ವಿಸ್ತರಿಸಿವೆ. ಕಿವಿಗೆ ಸಹಜವೆನಿಸುವುದು ಕಟ್ಟುನಿಟ್ಟಾದ ಆವರ್ತನೆಯಲ್ಲ, ದಟ್ಟವಾದ ಅನಿಯಮವೇ.