ಸಾಫ್ಟ್‌ನರ್ ತಿಂದ ಉಪ್ಪು ಎಲ್ಲಿಗೆ ಹೋಗುತ್ತದೆ?

ಬೆಂಗಳೂರಿನ ಜೆ.ಪಿ. ನಗರದ ಏಳನೇ ಹಂತದಲ್ಲೋ ಬಿಟಿಎಂ ಲೇಔಟಿನಲ್ಲೋ ಬೋರ್ ನೀರಿನ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟಿಗೆ ಇಳಿದು ನೋಡಿ. ಸಂಪಿನ ಪಕ್ಕದಲ್ಲಿ ಆಳೆತ್ತರದ ಫೈಬರ್ ಟ್ಯಾಂಕು, ಅದರ ಮಗ್ಗುಲಿಗೆ ಗಿಡ್ಡನೆಯ ಪ್ಲಾಸ್ಟಿಕ್ ಡ್ರಮ್ಮು, ಗೋಡೆಗೆ ಒರಗಿಸಿದ ಹರಳುಪ್ಪಿನ ಮೂಟೆಗಳು ಕಾಣುತ್ತವೆ. ಗಡಸು ನೀರನ್ನು ಮೆದುಗೊಳಿಸುವ ಸಾಫ್ಟ್‌ನರ್ ಇದೇ. ಜಯನಗರ, ಬನಶಂಕರಿಯ ಹಳೆಯ ಬೀದಿಗಳಲ್ಲಿ ಕಾವೇರಿ ನೀರಿನಲ್ಲೇ ಸಂಸಾರ ನಡೆಸುವವರಿಗೆ ಈ ಗೋಜಿಲ್ಲ. ಬೋರ್‌ವೆಲ್ಲನ್ನೋ ಟ್ಯಾಂಕರನ್ನೋ ನಂಬಿದವರಿಗೆ ಮಾತ್ರ ತಿಂಗಳು ತಿಂಗಳು ಉಪ್ಪಿನ ಬಿಲ್ಲು ತಪ್ಪದು. ಅಷ್ಟೂ ಉಪ್ಪು ಹೀಗೆ ಬಂದು ಹಾಗೆ ಚರಂಡಿಗೆ ಹೋಗುತ್ತದೆ. ಜೊತೆಗೆ ಒಂದಷ್ಟು ಒಳ್ಳೆಯ ನೀರನ್ನೂ ಕರೆದೊಯ್ಯುತ್ತದೆ. ಎರಡನ್ನೂ ಕಡಿಮೆ ಮಾಡಬಹುದು. ಹೇಗೆ ಎಂದು ತಿಳಿಯಲು ಮೊದಲು ಆ ಟ್ಯಾಂಕಿನೊಳಗೆ ಏನು ನಡೆಯುತ್ತದೆ ಎಂದು ನೋಡಬೇಕು.

ಬೆಂಗಳೂರಿನ ಅಡಿಯಲ್ಲಿರುವುದು ಗ್ರಾನೈಟ್, ನೈಸ್‌ನಂಥ ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸುತನ. ಗೀಸರ್ ಕಾಯಿಲಿಗೆ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬಿಡದಿರುವುದು, ಬೇಳೆ ಬೇಯದಿರುವುದು ಎಲ್ಲ ಇದರದೇ ಕೆಲಸ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು; ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಫೈಬರ್ ಟ್ಯಾಂಕಿನಲ್ಲಿರುವುದು ರೆಸಿನ್, ಅಂದರೆ ಸಾಸಿವೆಗಿಂತ ಚಿಕ್ಕದಾದ ಕಂದು ಹಳದಿ ಮಣಿಗಳು. ಪ್ರತಿ ಮಣಿಯ ಮೈಯಲ್ಲೂ ಸೋಡಿಯಂ ಕೂತಿರುತ್ತದೆ. ಗಡಸು ನೀರು ಹಾದುಹೋಗುವಾಗ ಮಣಿ ಕ್ಯಾಲ್ಸಿಯಂ, ಮೆಗ್ನೀಶಿಯಂಗಳನ್ನು ಹಿಡಿದುಕೊಂಡು ಸೋಡಿಯಂ ಬಿಟ್ಟುಕೊಡುತ್ತದೆ. ಇದು ಬರೀ ಅದಲು ಬದಲು. ಆದ್ದರಿಂದ ಸಾಫ್ಟ್‌ನರಿನಿಂದ ಹೊರಬಂದ ನೀರಿಗೆ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ, ‘ಏನೂ ಇಳಿದಿಲ್ಲ, ಮಷೀನು ಕೆಟ್ಟಿದೆ’ ಎಂದು ಜಗಳಕ್ಕೆ ನಿಲ್ಲುವವರು ಪಾಪ ಮೆಕ್ಯಾನಿಕ್ಕಿಗೆ ಅನ್ಯಾಯ ಮಾಡುತ್ತಾರೆ. ಒಟ್ಟು ಲವಣ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬಗೆ ಮಾತ್ರ ಬದಲಾಗಿರುತ್ತದೆ. ಗಡಸುತನ ಅಳೆಯಲು ಹನಿ ಹಾಕಿ ಬಣ್ಣ ನೋಡುವ ಕಿಟ್ ಬೇಕು.

ಮಣಿಗಳ ಸೋಡಿಯಂ ಮುಗಿದ ಮೇಲೆ ಡ್ರಮ್ಮಿನ ಉಪ್ಪುನೀರಿನ ಸರದಿ. ಶೇ 10ರಷ್ಟು ಗಟ್ಟಿಯಾದ ಉಪ್ಪುನೀರು ಮಣಿಗಳ ಮೇಲೆ ಹರಿದರೆ ಸೋಡಿಯಂ ಮತ್ತೆ ಜಾಗ ಹಿಡಿಯುತ್ತದೆ, ಕ್ಯಾಲ್ಸಿಯಂ ಹೊರಬೀಳುತ್ತದೆ. ಇದನ್ನು ರೀಜನರೇಶನ್ ಎನ್ನುತ್ತಾರೆ. ಇಲ್ಲಿಂದಲೇ ಪೋಲಿನ ಕಥೆ ಶುರು.

ದಿನಕ್ಕೆ 20,000 ಲೀಟರ್ ನೀರು ಮೆದುಗೊಳಿಸುವ ಅಪಾರ್ಟ್‌ಮೆಂಟ್ ಎಂದುಕೊಳ್ಳಿ. ಗಡಸುತನ 500. ತೆಗೆಯಬೇಕಾದ ಗಡಸು ದಿನಕ್ಕೆ 10 ಕಿಲೋ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದು ಕಿಲೋ ಗಡಸಿಗೆ 1.17 ಕಿಲೋ ಉಪ್ಪು ಸಾಕು, ಅಂದರೆ 11.7 ಕಿಲೋ. ಆದರೆ ಮಣಿಗಳು ಚೆನ್ನಾಗಿ ತುಂಬಿಕೊಳ್ಳಬೇಕಾದರೆ ಅದರ ಎರಡು, ಎರಡೂವರೆ ಪಟ್ಟು ಸುರಿಯಬೇಕಾಗುತ್ತದೆ. ದಿನಕ್ಕೆ 25 ಕಿಲೋ ಎಂದರೂ ತಿಂಗಳಿಗೆ 750 ಕಿಲೋ. ಅರ್ಧಕ್ಕಿಂತ ಹೆಚ್ಚು ಉಪ್ಪು ಕೆಲಸವನ್ನೇ ಮಾಡದೆ ಹೊರಹೋಗುತ್ತದೆ. ತೊಳೆಯುವ ನೀರು ಸೇರಿ ಒಂದೊಂದು ರೀಜನರೇಶನ್ನಿಗೆ ಸಾವಿರ, ಎರಡು ಸಾವಿರ ಲೀಟರ್ ಖರ್ಚು.

ಹೊರಬರುವ ಈ ನೀರು ಒಂದೇ ಥರ ಇರುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇದು. ಮೊದಲು ಬರುವುದು ಬ್ಯಾಕ್‌ವಾಶ್: ಮಣ್ಣು, ತುಕ್ಕು ಇರುತ್ತದೆ, ಉಪ್ಪಿರುವುದಿಲ್ಲ. ಆಮೇಲೆ ಬರುವುದು ಕ್ಯಾಲ್ಸಿಯಂ, ಮೆಗ್ನೀಶಿಯಂ ತುಂಬಿದ, ಬಾಯಿಗಿಟ್ಟರೆ ಕಹಿ ಎನ್ನಿಸುವ ಗಟ್ಟಿ ನೀರು. ಅದರ ಹಿಂದೆಯೇ ಬಹುಪಾಲು ಬಳಕೆಯಾಗದೆ ಉಳಿದ ಉಪ್ಪುನೀರು. ಇದರಲ್ಲಿ ಗಡಸು ಕಮ್ಮಿ. ಕೊನೆಗೆ ಬರುವ ಫಾಸ್ಟ್ ರಿನ್ಸ್ ಹೆಚ್ಚುಕಡಿಮೆ ಬೋರ್ ನೀರೇ. ನಾಲ್ಕೂ ಒಂದೇ ಪೈಪಿನಲ್ಲಿ ಹೋಗಿ ಕಲೆಯುವುದರಿಂದ ಎಲ್ಲವೂ ಕೊಳೆಯಾಗುತ್ತದೆ.

ಬೇರೆ ಬೇರೆ ಹಿಡಿದರೆ ಚಿತ್ರ ಬದಲಾಗುತ್ತದೆ. ಬ್ಯಾಕ್‌ವಾಶನ್ನು ಮಣ್ಣು ಕೂರಲು ಬಿಟ್ಟು ಫ್ಲಶ್ಶಿಗೆ ಬಳಸಬಹುದು. ಕೊನೆಯ ರಿನ್ಸನ್ನು ಒಂದು ಟ್ಯಾಂಕಿನಲ್ಲಿ ಹಿಡಿದಿಟ್ಟರೆ ಮುಂದಿನ ಸಲದ ಬ್ಯಾಕ್‌ವಾಶಿಗೋ ಉಪ್ಪು ಕರಗಿಸಲಿಕ್ಕೋ ಆಗುತ್ತದೆ. ಮೂರನೆಯ ಪಾಲು, ಆ ಬಳಕೆಯಾಗದ ಉಪ್ಪುನೀರು, ಮುಂದಿನ ರೀಜನರೇಶನ್ನಿನ ಮೊದಲ ಹಂತಕ್ಕೆ ಸರಿಹೋಗುತ್ತದೆ. ಹೊಸ ಉಪ್ಪುನೀರು ಅದರ ಹಿಂದೆ ಬರಲಿ. ಇದಕ್ಕೆ ಬೇಕಾದದ್ದು ಒಂದು ಹೆಚ್ಚುವರಿ ಡ್ರಮ್ಮು, ಎರಡು ವಾಲ್ವು, ಉಪ್ಪುನೀರಿನ ಗಟ್ಟಿತನ ಅಳೆಯಲು ಕೈಯಲ್ಲೊಂದು ಹೈಡ್ರೋಮೀಟರ್. ಕರೆಂಟು ಹೆಚ್ಚು ಬೇಡ. ಕೊನೆಗೆ ಚರಂಡಿಗೆ ಬಿಡಬೇಕಾದ ಗಟ್ಟಿ ನೀರು ಕೆಲವು ನೂರು ಲೀಟರಿಗೆ ಇಳಿಯುತ್ತದೆ.

‘ಆ ಕೆಲವು ನೂರು ಲೀಟರನ್ನೂ ಕಾಯಿಸಿ ಉಪ್ಪು ತೆಗೆಯಬಾರದೇ?’ ಎಂದು ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ. ಸಾವಿರ ಲೀಟರ್ ನೀರನ್ನು ಆವಿ ಮಾಡಲು ಸುಮಾರು 630 ಯೂನಿಟ್ ಶಾಖ ಬೇಕು. 300 ಲೀಟರಿಗೆ ದಿನಕ್ಕೆ ಸುಮಾರು 190 ಯೂನಿಟ್! ಕಾರ್ಖಾನೆಗಳಲ್ಲಿ ಒಂದು ಪಾತ್ರೆಯ ಆವಿಯಿಂದ ಮುಂದಿನದನ್ನು, ಅದರ ಆವಿಯಿಂದ ಇನ್ನೊಂದನ್ನು ಕುದಿಸಿ ಈ ಖರ್ಚನ್ನು ಭಾಗಿಸುತ್ತಾರೆ. ಆವಿಯನ್ನೇ ಒತ್ತಿ ಬಿಸಿಯೇರಿಸಿ ಮತ್ತೆ ಬಳಸುವ ಯಂತ್ರಗಳಲ್ಲಿ ಖರ್ಚು ಸಾವಿರ ಲೀಟರಿಗೆ ಹತ್ತಾರು ಯೂನಿಟ್ಟಿಗೆ ಇಳಿಯುತ್ತದೆ. ಅಪಾರ್ಟ್‌ಮೆಂಟಿಗೆ ಅದು ಹೇಳಿ ಮಾಡಿಸಿದ್ದಲ್ಲ.

ಹಾಗಾದರೆ ತಾರಸಿಯ ಬಿಸಿಲು? ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಅಘನಾಶಿನಿಯ ಅಳಿವೆಯ ನೀರನ್ನು ಬಿಸಿಲಿಗೇ ಬಿಟ್ಟು ಉಪ್ಪು ತೆಗೆಯುತ್ತಾರಲ್ಲ, ಸೌದೆಯೂ ಬೇಡ, ಕರೆಂಟೂ ಬೇಡ. ಅಲ್ಲಿಯೂ ಗುಟ್ಟು ಬೇರ್ಪಡಿಸುವುದರಲ್ಲೇ ಇದೆ. ಸಮುದ್ರದ ನೀರು ಗಟ್ಟಿಯಾಗುತ್ತ ಹೋದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಂ ತಳಕ್ಕೆ ಕೂರುತ್ತವೆ. ಹೈಡ್ರೋಮೀಟರ್ ಸುಮಾರು 25 ಬೋಮೆ ಡಿಗ್ರಿ ತೋರಿಸಿದಾಗ ಉಪ್ಪಿನ ಹರಳು ಕಟ್ಟತೊಡಗುತ್ತದೆ. 30ರ ಹತ್ತಿರಕ್ಕೆ ಬಂದರೆ ಮೆಗ್ನೀಶಿಯಂ ಬೆರೆತು ಉಪ್ಪು ಕಹಿಯಾದೀತು. ಅಷ್ಟರೊಳಗೆ ಉಳಿದ ನೀರನ್ನು ಹೊರಗೆ ಬಿಡಬೇಕು. ಒಂದರಿಂದ ಇನ್ನೊಂದು ಮಡಿಗೆ ನೀರು ಸಾಗಿಸುವ ಹೊತ್ತು ನೋಡಿಕೊಂಡರೆ ಲವಣಗಳು ತಾವೇ ಬೇರೆಯಾಗುತ್ತವೆ.

ನಮ್ಮ ತಾರಸಿಯಲ್ಲಿ ಇದು ನಡೆಯದು, ಜಾಗದ ಕೊರತೆ ಒಂದೇ ಕಾರಣವಲ್ಲ. ಸಾಫ್ಟ್‌ನರಿನ ಗಟ್ಟಿ ನೀರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಧಾರಾಳ. ಅದು ಗಾಳಿಯ ತೇವವನ್ನೇ ಎಳೆದುಕೊಳ್ಳುವ ಲವಣ. ಟ್ರೇಯಲ್ಲಿ ವಾರಗಟ್ಟಲೆ ಇಟ್ಟರೂ ಹರಳಾಗದೆ ಅಂಟಂಟು ಪಾಕವಾಗಿಯೇ ಉಳಿಯುತ್ತದೆ. ಆಷಾಢದ ಮೋಡ ಕವಿದರೆ ಮತ್ತೆ ನೀರಾಗುತ್ತದೆ.

ಆವಿ ಮಾಡದೆಯೇ ಉಪ್ಪು ಮರಳಿ ಪಡೆಯುವ ದಾರಿಯೂ ಇದೆ. ಗಟ್ಟಿ ನೀರಿಗೆ ವಾಷಿಂಗ್ ಸೋಡಾ ಹಾಕಿದರೆ ಕ್ಯಾಲ್ಸಿಯಂ ಸುಣ್ಣದ ಪುಡಿಯಾಗಿ ತಳಕ್ಕಿಳಿದು, ಮೇಲೆ ಅಡುಗೆ ಉಪ್ಪಿನ ನೀರು ಉಳಿಯುತ್ತದೆ, ನೇರ ಡ್ರಮ್ಮಿಗೆ ಹಾಕಬಹುದು. ಆದರೆ ಸೋಡಾ ಹರಳುಪ್ಪಿಗಿಂತ ದುಬಾರಿ, ಕೆಸರು ಎತ್ತುವ ಕೆಲಸ ಬೇರೆ. ನ್ಯಾನೋಫಿಲ್ಟರ್ ಎಂಬ ಪೊರೆಯೂ ಕ್ಯಾಲ್ಸಿಯಂ ತಡೆದು ಸೋಡಿಯಂ ಉಪ್ಪನ್ನು ಸೋಸಿಕೊಡುತ್ತದೆ. ದೊಡ್ಡ ಲಾಂಡ್ರಿ, ಕಾರ್ಖಾನೆಗಳಿಗೆ ಇವು ಸರಿ. ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಘಟಕಗಳು ಉಪ್ಪುನೀರನ್ನೇ ಮರಳಿ ಬಳಸುವ ಪಾಠವನ್ನು ಕಷ್ಟಪಟ್ಟು ಕಲಿತವು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಬಾಗಿಲು ಹಾಕಿ, ಒಂದು ಹನಿಯನ್ನೂ ನೊಯ್ಯಲ್ ನದಿಗೆ ಬಿಡದ ವ್ಯವಸ್ಥೆಗೆ ತಿರುಗಿದಾಗ, ಕೆಲವು ಸ್ಥಾವರಗಳು ಉಪ್ಪುನೀರನ್ನು ಹರಳಾಗಿಸುವ ಬದಲು ಶುದ್ಧಿ ಮಾಡಿ ಹಾಗೇ ಬಣ್ಣದ ತೊಟ್ಟಿಗೆ ಕಳಿಸತೊಡಗಿದವು. ಮತ್ತೆ ಕರಗಿಸಲೇಬೇಕಾದ ಉಪ್ಪನ್ನು ಒಣಗಿಸುವುದೇತಕ್ಕೆ?

ಮನೆಯ ಆರ್‌ಓ ಕೂಡ ಹೀಗೆಯೇ ನೀರು ಚೆಲ್ಲುತ್ತದೆ, ಅದರ ಲೆಕ್ಕ ಇನ್ನೂ ಸುಲಭ. ಸಾಮಾನ್ಯ ಯಂತ್ರ ನಾಲ್ಕು ಲೀಟರ್ ಒಳಗೆಳೆದು ಒಂದು ಲೀಟರ್ ಕುಡಿಯಲು ಕೊಟ್ಟು ಮೂರನ್ನು ‘ರಿಜೆಕ್ಟ್’ ಎಂದು ಹೊರಗೆ ಬಿಡುತ್ತದೆ. ಒಳಹೋಗುವ ನೀರಿನ ಟಿಡಿಎಸ್ 800 ಇದ್ದರೆ ರಿಜೆಕ್ಟ್ ನೀರಿನದು ಸುಮಾರು 1,040. ನೆಲ ಒರೆಸಲು, ಫ್ಲಶ್ಶಿಗೆ ಧಾರಾಳವಾಗಿ ಬಳಸಬಹುದು. ಮೂರು ಲೀಟರ್ ಕುಡಿಯಲು, ಒಂದೇ ಲೀಟರ್ ಹೊರಗೆ ಎಂದು ಹಟ ಹಿಡಿದರೆ ರಿಜೆಕ್ಟಿನ ಟಿಡಿಎಸ್ 3,000ದ ಹತ್ತಿರಕ್ಕೆ ಹೋಗಿ, ಗಡಸು ಪೊರೆಯ ಮೇಲೆಯೇ ಕಟ್ಟಿಕೊಳ್ಳುತ್ತದೆ. ಹಾಗಾಗಿ ಮೊದಲು ಮೆದುಗೊಳಿಸದೆ ಅದು ಆಗದು. ಇನ್ನು ಕಾವೇರಿಯಂಥ, ಟಿಡಿಎಸ್ 200ರ ನೀರಿಗೆ ಆರ್‌ಓ ಹಾಕಿದರೆ ರಿಜೆಕ್ಟ್ ನೀರಿನದು 260. ಲವಣದ ಮಟ್ಟಿಗೆ ಕುಡಿಯುವ ನೀರಿನ ಮಿತಿಯಾದ 500ರ ಅರ್ಧದಷ್ಟು. ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿ ನೀರಿನ ಮುಕ್ಕಾಲು ಪಾಲು ಸಿಂಕಿಗೆ! ಟಿಡಿಎಸ್ 500ಕ್ಕಿಂತ ಕಡಿಮೆ ಇರುವೆಡೆ ಆರ್‌ಓ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಅಂಥ ಮನೆಗೆ ಫಿಲ್ಟರ್, ಯುವಿ ಸಾಕು.

ಮತ್ತೆ ಚರಂಡಿಗೆ ಹೋದ ಉಪ್ಪಿನ ಕಥೆಗೆ ಬರೋಣ. ಸಾಫ್ಟ್‌ನರಿನ ಉಪ್ಪು ಕೊಳಚೆ ನೀರು ಶುದ್ಧಿ ಮಾಡುವ ಎಸ್‌ಟಿಪಿಗೆ ಹೋದರೆ ಅಲ್ಲಿ ಅದಕ್ಕೆ ಏನೂ ಆಗುವುದಿಲ್ಲ. ಬ್ಯಾಕ್ಟೀರಿಯಾ ಕೊಳೆ ತಿನ್ನುತ್ತದೆ, ಉಪ್ಪು ತಿನ್ನದು. ಅದೇ ನೀರನ್ನು ಹುಲ್ಲುಹಾಸಿಗೆ ಬಿಟ್ಟರೆ ಸೋಡಿಯಂ ಮಣ್ಣನ್ನು ಬಿಗಿಸುತ್ತದೆ. ಇಂಗಿದ್ದು ಮತ್ತೆ ಅಂತರ್ಜಲಕ್ಕೆ.

ಆದ್ದರಿಂದ ಅಸೋಸಿಯೇಷನ್ನಿನ ಮುಂದಿನ ಸಭೆಯಲ್ಲಿ ಉಪ್ಪಿನ ಬಿಲ್ಲು ಬಂದಾಗ ಇಷ್ಟು ಕೇಳಿ: ಗಡಸುತನ ಕೊನೆಯ ಸಲ ಅಳೆದದ್ದು ಯಾವಾಗ? ರೀಜನರೇಶನ್ ಗಡಿಯಾರ ನೋಡಿ ಆಗುತ್ತಿದೆಯೋ, ಮೀಟರ್ ನೋಡಿಯೋ? ಊರಿಗೆ ಹೋದವರ ಮನೆಯ ನೀರು ಬಳಕೆಯಾಗದಿದ್ದರೂ ಟೈಮರ್ ತನ್ನ ಪಾಡಿಗೆ ಉಪ್ಪು ಸುರಿಯುತ್ತದೆ. ನೀರಿನ ಗಡಸನ್ನು ಸೊನ್ನೆಗೇ ಇಳಿಸಬೇಕೇ? ಸ್ವಲ್ಪ ಬೋರ್ ನೀರು ಬೆರೆಸಿ 150ಕ್ಕೆ ನಿಲ್ಲಿಸಿದರೆ 500ರ ನೀರಿಗೆ ಶೇ 30ರಷ್ಟು ಉಪ್ಪು ಆ ದಿನದಿಂದಲೇ ಉಳಿಯುತ್ತದೆ, ಅದಕ್ಕೆ ಬೇಕಾದದ್ದು ಒಂದು ಬೈಪಾಸ್ ವಾಲ್ವು ಅಷ್ಟೆ.