ಮರದ ಮೇಲಣ ಸುಖಾಸನ

ಕಳೆದ ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬವು ಮುಗಿದು ನಾಲ್ಕಾರು ದಿವಸಗಳಾಗಿದ್ದುವು. ಬೆಳಗಿನ ಮಳೆಯು ಬಿಟ್ಟು, ಚೆಟ್ಟಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ ನಾವು ಕಾಫಿ ಕುಡಿಯುತ್ತ ಕುಳಿತಿರಲು, ಪಕ್ಕದ ತೋಟದ ಹಿರಿಯಾಕೆಯೊಬ್ಬರು ಕೊಡೆಯನ್ನು ಮಡಚಿ ಬಾಗಿಲ ಬಳಿಯಿಟ್ಟು ಬಂದರು. ಇವರ ಮಗನು ನಮ್ಮಲ್ಲಿ ಓದಿದವನು. ಈಗ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಎಂಜಿನಿಯರಾಗಿದ್ದಾನೆ. ಅವನು ಕಳುಹಿಸಿದ್ದ ಕೆಲವು ಚಿತ್ರಗಳನ್ನು ಆಕೆ ಮೊಬೈಲಿನಲ್ಲಿ ತೋರಿಸಿದರು. ಕಬ್ಬಿಣದ ಕುರ್ಚಿಗೆ ಹಲ್ಲು ಮೂಡಿದಂತಹ ಎರಡು ಮೂರು ವಿಚಿತ್ರ ಸಾಧನಗಳು ಅವುಗಳಲ್ಲಿದ್ದುವು.

“ಮಾಷ್ಟ್ರೇ, ನಿಮ್ಮ ಶಿಷ್ಯ ಅಲ್ಲಿ ಜಿಂಕೆ ಹೊಡೆಯಲಿಕ್ಕೆ ಮರ ಹತ್ತುತ್ತಾನಂತೆ. ಇದರಲ್ಲಿ ಯಾವುದು ಸುಖವಾಗಿದ್ದೀತು ಎಂದು ನನ್ನನ್ನು ಕೇಳುತ್ತಾನೆ. ದೊಡ್ಡಪ್ಪನ ಕಾಲು ಅವನಿಗೆ ಮರೆತೇಹೋಯಿತೋ ಏನೋ. ನಾನು ಬೇಡವೆಂದರೆ ಕೇಳುವುದಿಲ್ಲ, ನೀವೊಂದು ಕಾಗದ ಬರೆಯಿರಿ” ಎಂದರು.

ಬೇಟೆಯ ವಿಷಯದಲ್ಲಿ ನಾವು ಪಕ್ಷಪಾತಿಗಳಲ್ಲ. ಮನುವು ಕಾಮಜವಾದ ಹತ್ತು ವ್ಯಸನಗಳನ್ನು ಎಣಿಸುವಾಗ ಮೃಗಯೆಯನ್ನೇ ಮೊದಲು ಹೇಳಿದ್ದಾನೆ. ಕೌಟಿಲ್ಯನಾದರೋ ಅರ್ಥಶಾಸ್ತ್ರದಲ್ಲಿ ಇದನ್ನು ಜೂಜಿಗಿಂತ ಲಘುವಾದ ದೋಷವೆಂದು ತಳ್ಳಿ, ಇದರಿಂದ ವ್ಯಾಯಾಮವುಂಟಾಗುವುದು, ಕೊಬ್ಬು ಕರಗುವುದು, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವಾಗುವುದು ಎಂದು ಗುಣಗಳನ್ನೂ ಹೇಳುತ್ತಾನೆ. ಶಾಸ್ತ್ರಕಾರರು ಹೀಗೆ ಭಿನ್ನಾಭಿಪ್ರಾಯ ತಾಳಿದ್ದರೂ, ನಮ್ಮ ದೇಶದ ಮಟ್ಟಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಚರ್ಚೆಯನ್ನು ಮುಗಿಸಿಬಿಟ್ಟಿದೆ. ಕೊಡಗಿನಲ್ಲಿ ಕೋವಿಗೆ ಹೂವಿಟ್ಟು ಪೂಜೆಮಾಡುವುದುಂಟು, ಹಬ್ಬದ ದಿನ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡಿಡುವುದುಂಟು. ಕಡವೆಗಾಗಲಿ ಜಿಂಕೆಗಾಗಲಿ ಗುಂಡಿಡುವುದು ಅಪರಾಧ. ಹಿಂದೆ ಹುಲಿಯನ್ನು ಕೊಂದವನನ್ನು ಮದುವಣಿಗನಂತೆ ಕೂರಿಸಿ ‘ನರಿಮಂಗಲ’ ಮಾಡುತ್ತಿದ್ದರು. ಕೊಡವರ ಮಾತಿನಲ್ಲಿ ನರಿಯೆಂದರೆ ಹುಲಿ; ಬಯಲುಸೀಮೆಯಿಂದ ಬಂದ ಹೊಸ ಉಪಾಧ್ಯಾಯರು ಇದನ್ನು ತಿಳಿಯದೆ ನಗೆಗೀಡಾದುದನ್ನು ನಾವು ಕಂಡಿದ್ದೇವೆ.

ಶಿಷ್ಯನಿರುವ ಸೀಮೆಯ ನ್ಯಾಯವೇ ಬೇರೆ. ಅಲ್ಲಿ ಜಿಂಕೆಗಳು ಬಹಳ. ಪರವಾನಗಿ ಪಡೆದು ಗೊತ್ತಾದ ಕಾಲದಲ್ಲಿ ಬೇಟೆಯಾಡಬಹುದು. ಕೋವಿಯ ಬೇಟೆಗೆ ನವೆಂಬರಿನ ಕೊನೆಯ ಭಾಗದಲ್ಲಿ ಒಂಬತ್ತು ದಿನಗಳುಂಟು. 1973ನೆಯ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆಯ ಪಾಠದಲ್ಲಿ ತೇರ್ಗಡೆಯಾದ ಮೇಲೆಯೇ ಪರವಾನಗಿ ಪಡೆಯತಕ್ಕದ್ದು. ಆದುದರಿಂದ ಅವನು ಬೇಟೆಯಾಡಬಹುದೇ ಎಂಬುದು ನಮ್ಮ ಮುಂದಿದ್ದ ಪ್ರಶ್ನೆಯಲ್ಲ. ಅವನು ಎಲ್ಲಿ, ಹೇಗೆ ಕುಳಿತುಕೊಳ್ಳಬೇಕೆಂಬುದೇ ಪ್ರಶ್ನೆ. ಇದನ್ನು ಕೇಳತಕ್ಕವರನ್ನೇ ಆ ತಾಯಿಯು ಕೇಳಿದರು. ಏಕೆಂದರೆ ಅವನ ದೊಡ್ಡಪ್ಪನು ಬಿದ್ದ ರಾತ್ರಿ ನಾವೂ ಅದೇ ಅಟ್ಟಣೆಯ ಮೇಲಿದ್ದೆವು.

ಅದು 1989ನೆಯ ಇಸವಿ. ನಾವು ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಹುತ್ತರಿಗೆ ಇನ್ನೂ ಎರಡು ವಾರವಿದ್ದು, ಗದ್ದೆಗಳಲ್ಲಿ ಭತ್ತವು ಹಾಲು ಗಟ್ಟಿಯಾಗಿ ಬಾಗಿತ್ತು. ಮೀನುಕೊಲ್ಲಿ ಕಾಡಿನ ಕಡೆಯಿಂದ ಆನೆಗಳು ಇಳಿಯುತ್ತವೆಂಬ ಸುದ್ದಿ ಹಬ್ಬಿದುದರಿಂದ ರಾತ್ರಿ ಕಾವಲಿಗೆ ಜನ ಬೇಕಾಗಿತ್ತು. ಹರೆಯದ ಉತ್ಸಾಹ, ನಾವೂ ಬರುತ್ತೇವೆಂದೆವು. ಗದ್ದೆಯಂಚಿನ ಹಲಸಿನ ಮರದ ಕವಲಿಗೆ ಮೂರು ಬಿದಿರುಗಳನ್ನು ಅಡ್ಡಹಾಕಿ ಕಾಡುಬಳ್ಳಿಯಿಂದ ಬಿಗಿದಿದ್ದರು. ಒರಗುವುದಕ್ಕೆ ಏನೂ ಇಲ್ಲ, ಕಾಲಿಡುವುದಕ್ಕೆ ಏನೂ ಇಲ್ಲ. ಮುಂದಿನ ಬಿದಿರು ತೊಡೆಯ ಅಡಿಭಾಗವನ್ನು ಒತ್ತುತ್ತಿತ್ತು. ಒಂದು ಗಂಟೆಯೊಳಗೆ ಕಾಲುಗಳು ನಮ್ಮವೇ ಅಲ್ಲವೆಂಬಂತೆ ಜೋಮು ಹಿಡಿದುವು. ನಾವಿಬ್ಬರೂ ಮೊದಮೊದಲು ಪಿಸುಮಾತಾಡುತ್ತಿದ್ದು, ಆಮೇಲೆ ಚಳಿಗೆ ಮುದುಡಿ ತೂಕಡಿಸತೊಡಗಿದೆವು.

ಎರಡು ಗಂಟೆಯ ಹೊತ್ತಿಗೆ ಗದ್ದೆಯ ಆಚೆ ಬಿದಿರುಮೆಳೆ ಮುರಿದ ಸದ್ದಾಯಿತು. ಗೆಳೆಯರು ಬೆಚ್ಚಿಬಿದ್ದು ತಮಟೆಯನ್ನು ತೆಗೆದುಕೊಳ್ಳಲು ಎದ್ದುನಿಂತರು. ಎದ್ದರೆನ್ನುವುದಕ್ಕಿಂತ ಎದ್ದೆನೆಂದು ಭಾವಿಸಿದರೆನ್ನಬೇಕು. ಜೋಮು ಹಿಡಿದ ಕಾಲು ಅವರನ್ನು ಹೊರಲಿಲ್ಲ. ಅವರ ಭಾರವೆಲ್ಲ ಒಂದು ತುದಿಗೆ ಬಿದ್ದುದರಿಂದ ಹಳೆಯ ಬಳ್ಳಿ ಕಿತ್ತಿತು. ಎರಡಾಳೆತ್ತರದಿಂದ ಅವರು ಗದ್ದೆಯ ಬದುವಿಗೆ ಬಿದ್ದರು. ನಾವು ಕೊಂಬೆಯನ್ನು ತಬ್ಬಿಕೊಂಡು ಉಳಿದೆವು. ತೊಡೆಯ ಮೂಳೆ ಮುರಿದಿತ್ತು. ನಾಲ್ವರು ಸೇರಿ ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ತಲಪುವಾಗ ಬೆಳಗಾಗಿತ್ತು. ಮುಂದೆ ಇಪ್ಪತ್ತೆರಡು ವರ್ಷ, ತೀರಿಕೊಳ್ಳುವವರೆಗೂ, ಅವರು ಊರುಗೋಲಿಲ್ಲದೆ ಅಂಗಳಕ್ಕೆ ಇಳಿದವರಲ್ಲ. ಆನೆಗಳು ಆ ರಾತ್ರಿ ನಮ್ಮ ಗದ್ದೆಗೆ ಬರಲೇ ಇಲ್ಲ.

ಊರಿನವರೆಲ್ಲ ಹೋದ ವರ್ಷದ ಬಳ್ಳಿಯನ್ನೇ ಉಳಿಸಿಕೊಂಡುದಕ್ಕೆ ಬೈದರು. ನಾವೂ ಬಹುಕಾಲ ಹಾಗೆಯೇ ಎಣಿಸಿದ್ದೆವು. ಬಳ್ಳಿಯ ತಪ್ಪು ಇಲ್ಲದಿಲ್ಲ. ಆದರೆ ಅದಕ್ಕೂ ಮೊದಲು ಕಾಲು ಸೋತಿತ್ತು, ಕಾಲಿಗೂ ಮೊದಲು ಆಸನವು ಕೆಟ್ಟದಾಗಿತ್ತು. ಪತಂಜಲಿಯು ಆಸನವೆಂದರೆ ಸ್ಥಿರವೂ ಸುಖವೂ ಆಗಿರತಕ್ಕದ್ದೆಂದು ಎರಡು ಗುಣಗಳನ್ನೂ ಒಟ್ಟಿಗೇ ಹೇಳಿರುವನಷ್ಟೆ. ನೆಲದ ಮೇಲೆ ಕುಳಿತವನಿಗೆ ಅವು ಎರಡು, ಮರದ ಮೇಲೆ ಕುಳಿತವನಿಗೆ ಒಂದೇ. ಸುಖವಿಲ್ಲದವನು ಮಿಸುಕುತ್ತಾನೆ, ಮಿಸುಕಿದವನು ಜಾರುತ್ತಾನೆ.

ಶಿವರಾತ್ರಿಯ ಬೇಡನ ಕಥೆಯನ್ನು ವಾಚಕರೆಲ್ಲರೂ ಬಲ್ಲರು. ಶಿವಪುರಾಣದ ಕೋಟಿರುದ್ರಸಂಹಿತೆಯಲ್ಲಿ ಅದು ಬರುತ್ತದೆ. ಬೇಡನು ಕೊಳದ ಬಳಿಯ ಬಿಲ್ವವೃಕ್ಷವನ್ನೇರಿ ಜಿಂಕೆಗಾಗಿ ಕಾದುದು, ಅವನರಿಯದೆ ಎಲೆಗಳು ಕೆಳಗಿನ ಲಿಂಗದ ಮೇಲೆ ಬಿದ್ದುದು, ಮರಿಗಳನ್ನು ಒಪ್ಪಿಸಿ ಬರುವೆವೆಂದು ಹೋದ ಜಿಂಕೆಗಳು ಮಾತಿನಂತೆ ಮರಳಿದುದು. ಈ ಕಥೆಯನ್ನು ನಾವು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, “ಸಾರ್, ರಾತ್ರಿಯಿಡೀ ಅವನು ಹೇಗೆ ಕುಳಿತ? ನಿದ್ದೆಬಂದು ಬೀಳಲಿಲ್ಲವೇ?” ಎಂದು ಕೇಳಿದ್ದನು. ಭಕ್ತಿಯ ಕಥೆಯಲ್ಲಿ ತರಲೆ ಬೇಡವೆಂದು ನಾವು ಅವನನ್ನು ಕೂರಿಸಿದೆವು. ಈಗ ಅಮೆರಿಕದಿಂದ ಕೇಳುತ್ತಿರುವವನೂ ಅವನೇ. ಕುಂಟುವ ದೊಡ್ಡಪ್ಪನ ಕೈಹಿಡಿದು ಶಾಲೆಗೆ ಬರುತ್ತಿದ್ದ ಮಗುವಿಗೆ ಅದು ತರಲೆಯ ಪ್ರಶ್ನೆಯಾಗಿರಲಿಲ್ಲವೆಂದು ನಮಗೆ ಹೊಳೆಯಲು ಇಷ್ಟು ವರ್ಷ ಬೇಕಾದುವು.

ಸಂಸ್ಕೃತದ ಮಂಚವೇ ಹಿಂದಿಯಲ್ಲಿ ಮಚಾನಾಗಿ, ಅಲ್ಲಿಂದ ಇಂಗ್ಲಿಷಿಗೂ ಹೋಯಿತು. ಹಿಂದಿನ ಪ್ರಸಿದ್ಧ ಬೇಟೆಗಾರರು ಮಚಾನಿನ ಸುಖವನ್ನು ಹಗುರವಾಗಿ ಕಂಡವರಲ್ಲ. ಪೂರ್ಣಚಂದ್ರ ತೇಜಸ್ವಿಯವರಿಂದ ಕನ್ನಡಕ್ಕೆ ಬಂದ ಕೆನೆತ್ ಆಂಡರ್ಸನ್ನರ ಕಥೆಗಳನ್ನು ಓದಿದವರಿಗೆ, ನಿಶ್ಶಬ್ದವಾಗಿ ಕುಳಿತಿರುವುದೇ ಅರ್ಧ ಬೇಟೆಯೆಂಬುದು ಗೊತ್ತು. ಜಿಮ್ ಕಾರ್ಬೆಟ್ಟರು 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊನೆಗೆ ಹೊಡೆದುದು ಮಾವಿನ ಮರದ ಮಚಾನಿನಿಂದ, ಅದೂ ಅನೇಕ ರಾತ್ರಿಗಳು ಕಾದ ಮೇಲೆ.

ಶಿಷ್ಯನು ಚಿತ್ರ ಕಳುಹಿಸಿದ ಸಾಧನವಾದರೋ ಒಂದೆಡೆ ಕಟ್ಟಿಬಿಡುವ ಮಚಾನಲ್ಲ. ಅಲ್ಲಿಯವರು ಅದನ್ನು ಕ್ಲೈಂಬಿಂಗ್ ಟ್ರೀಸ್ಟ್ಯಾಂಡ್ ಎನ್ನುತ್ತಾರೆ, ನಾವು ಏರುಪೀಠವೆನ್ನೋಣ. ಅದಕ್ಕೆ ಎರಡು ಭಾಗಗಳು: ಮೇಲಿನದು ಕುಳಿತುಕೊಳ್ಳಲು, ಕೆಳಗಿನದು ಕಾಲೂರಲು. ಎರಡಕ್ಕೂ ಕಾಂಡವನ್ನು ಬಳಸಿಬರುವ ಉಕ್ಕಿನ ಹಗ್ಗವೋ ಪಟ್ಟಿಯೋ ಇರುತ್ತದೆ. ಭಾರ ಬಿದ್ದಾಗ ಅದು ಮರವನ್ನು ಕಚ್ಚುತ್ತದೆ, ಭಾರ ತೆಗೆದಾಗ ಸಡಿಲುತ್ತದೆ. ಮೇಲಿನದನ್ನು ಕೈಯಿಂದೆತ್ತಿ ಅದರಲ್ಲಿ ಕುಳಿತು, ಪಾದಗಳಿಗೆ ಕಟ್ಟಿದ ಕೆಳಗಿನದನ್ನು ಕಾಲಿನಿಂದೆಳೆದುಕೊಂಡು, ಮತ್ತೆ ನಿಂತು ಮೇಲಿನದನ್ನೆತ್ತಿ, ಹೀಗೆ ಅಳತೆಹುಳುವು ಕಡ್ಡಿಯನ್ನೇರುವಂತೆ 15–20 ಅಡಿ ಏರುತ್ತಾರೆ. ಕೊಂಬೆಯಿಲ್ಲದ ನೆಟ್ಟನೆಯ ಮರವೇ ಆಗಬೇಕು. ಸಾಮಾನ್ಯವಾಗಿ ಅಡ್ಡಳತೆ 8ರಿಂದ 20 ಅಂಗುಲದೊಳಗಿರಬೇಕು. ನಮ್ಮ ಹಲಸು ಇದಕ್ಕೆ ಬಾರದು.

ಇದರ ಬಗ್ಗೆ ಸಿಕ್ಕಿದುದನ್ನೆಲ್ಲ ಒಂದು ವಾರ ಓದಿ ಶಿಷ್ಯನಿಗೆ ಬರೆದೆವು. ಅದರ ಸಾರವಿಷ್ಟು. ಮೊದಲನೆಯದಾಗಿ, ಹಗುರವೆಂಬುದೊಂದೇ ಗುಣಕ್ಕೆ ಮರುಳಾಗಬೇಡ. ಈ ಪೀಠಗಳು ಹತ್ತು ಕಿಲೋಗ್ರಾಮಿನ ಆಸುಪಾಸು ತೂಗುತ್ತವೆ. ಎರಡು ಕಿಲೋ ಕಡಮೆಯಾಗಲೆಂದು ಕಿರಿದಾದ ಪೀಠವನ್ನು ಕೊಂಡರೆ, ಹೊತ್ತು ನಡೆಯುವ ಅರ್ಧ ಗಂಟೆಯ ಸುಖಕ್ಕಾಗಿ ಕುಳಿತಿರುವ ಆರು ಗಂಟೆಯ ಸುಖವನ್ನು ಮಾರಿದಂತಾಗುವುದು. ಬರಿದೇ ಕೈಬಲದಿಂದ ಏರುವ ಬಗೆಯೂ ಉಂಟು, ಕುಳಿತು ನಿಂತು ಏರುವ ಬಗೆಯೂ ಉಂಟು. ನಿನ್ನಂತೆ ವಾರವಿಡೀ ಮೇಜಿನ ಮುಂದಿರುವವನಿಗೆ ಎರಡನೆಯದೇ ತಕ್ಕದ್ದು. ಆಸನವು ಉಯ್ಯಾಲೆಯಂತೆ ತೂಗುಬಿಟ್ಟ ಬಟ್ಟೆಯದಾಗಿರಲಿ, ಮೆತ್ತೆಯದಾಗಿರಲಿ, ಮುಂದಿನ ಅಂಚಿನ ಸರಳು ತೊಡೆಯನ್ನು ಒತ್ತುವುದೇ ಎಂದು ನೋಡು. ಅಂಗಡಿಯಲ್ಲಿ ಒಂದು ನಿಮಿಷ ಕುಳಿತರೆ ಇದು ತಿಳಿಯದು. ಅರ್ಧ ಗಂಟೆ ಕುಳಿತು, ಥಟ್ಟನೆ ಎದ್ದು ನೋಡು. ಅಂಗಡಿಯವನು ನಕ್ಕರೆ ನಗಲಿ. ಬಟ್ಟೆಯ ಆಸನವಾದರೆ ಅಳಿಲು, ಇಲಿಗಳು ಕಡಿಯುವುದುಂಟಾಗಿ ಪ್ರತಿವರ್ಷ ಹೊಲಿಗೆಗಳನ್ನು ಬೆರಳಿಟ್ಟು ಪರೀಕ್ಷಿಸು. ನಿನ್ನ ತೂಕಕ್ಕೆ ಚಳಿಯ ಬಟ್ಟೆ, ಕೋವಿ, ಚೀಲಗಳ ತೂಕವನ್ನು ಕೂಡಿಸಿಯೇ ಪೀಠದ ಮೇಲೆ ಬರೆದ ಮಿತಿಯನ್ನು ಹೋಲಿಸು.

ಮರವು ಮೇಲೆ ಹೋದಂತೆ ಸಣ್ಣದಾಗುವುದರಿಂದ, ನೆಲದಲ್ಲಿ ಸಮವಾಗಿ ಕಟ್ಟಿದ ಪೀಠವು ಇಪ್ಪತ್ತಡಿ ಮೇಲೆ ಮುಂದಕ್ಕೆ ವಾಲುತ್ತದೆ. ಆದುದರಿಂದ ಕೆಳಗೆ ಮುಂಭಾಗವನ್ನು ತುಸು ಎತ್ತರಿಸಿಯೇ ಹೊರಡಬೇಕು. ಎರಡು ಭಾಗಗಳನ್ನೂ ಒಂದು ಗಟ್ಟಿ ಹಗ್ಗದಿಂದ ಒಂದಕ್ಕೊಂದು ಕಟ್ಟಿರಬೇಕು, ಇಲ್ಲವಾದರೆ ಕಾಲಿನ ಭಾಗವು ಜಾರಿ ನೆಲಕ್ಕೆ ಬಿದ್ದು, ಕುಳಿತವನು ತ್ರಿಶಂಕುವಾಗಿ ಉಳಿಯುವನು. ಕೋವಿಯನ್ನು ಹೊತ್ತು ಏರಬಾರದು. ಗುಂಡು ತೆಗೆದು ಕೆಳಗಿಟ್ಟು, ಏರಿದ ಮೇಲೆ ಹಗ್ಗದಿಂದ ಸೇದಿಕೊಳ್ಳಬೇಕು.

ಇವೆಲ್ಲಕ್ಕಿಂತ ಮಿಗಿಲಾದುದು ಮೈಪಟ್ಟಿ. ಸೊಂಟಕ್ಕೆ ಮಾತ್ರ ಕಟ್ಟುವುದಲ್ಲ. ಹೆಗಲು, ಎದೆ, ತೊಡೆಗಳನ್ನು ಬಳಸಿ ಬರುವ ಪಟ್ಟಿ. ಅದರ ಹಗ್ಗವನ್ನು ಕಾಲು ನೆಲ ಬಿಡುವ ಕ್ಷಣದಲ್ಲೇ ಮರಕ್ಕೆ ಕಟ್ಟಿ, ಏರಿದಂತೆಲ್ಲ ಅದನ್ನೂ ಮೇಲಕ್ಕೇರಿಸುತ್ತ ಹೋಗಬೇಕು. ಕುಳಿತ ಮೇಲೆ ಕಟ್ಟಿಕೊಳ್ಳುತ್ತೇನೆನ್ನುವುದು ಮೂಢತನ. ಏಕೆಂದರೆ ಜನರು ಹೆಚ್ಚಾಗಿ ಬೀಳುವುದು ಏರುವಾಗ, ಇಳಿಯುವಾಗ. ಕುಳಿತಾಗ ಹಗ್ಗವು ತಲೆಗಿಂತ ಮೇಲಿದ್ದು ಸಡಿಲವಿಲ್ಲದಂತಿರಬೇಕು. ಪಟ್ಟಿಯಲ್ಲಿ ಅಲುಗದೆ ಬಹಳ ಹೊತ್ತು ನೇತಾಡಿದರೆ ರಕ್ತವು ಕಾಲುಗಳಲ್ಲಿ ನಿಂತು ಪ್ರಜ್ಞೆ ತಪ್ಪುವ ಅಪಾಯವುಂಟು. ಅದಕ್ಕಾಗಿ ಕಾಲಿಟ್ಟು ನಿಲ್ಲಲು ಒಂದು ಕುಣಿಕೆಯೂ, ಕೈಗೆಟಕುವಲ್ಲಿ ಮೊಬೈಲೂ ಇರಲಿ. ಯಾವ ಮರವನ್ನೇರುವೆಯೆಂದು ಮನೆಯಲ್ಲಿ ಹೇಳಿ ಹೋಗು. ನಿದ್ದೆ ಬಂದರೆ ಇಳಿದುಬಿಡು. ಬಿಲ್ವದ ಬೇಡನ ಪುಣ್ಯ ಎಲ್ಲರಿಗೂ ಇರುವುದಿಲ್ಲ.

ಕಾಗದವನ್ನು ಕಳುಹಿಸುವ ಮುನ್ನ ಆ ತಾಯಿಗೆ ಓದಿ ಹೇಳಿದೆವು. ಆಕೆ ಕೊನೆಯವರೆಗೂ ಸುಮ್ಮನೆ ಕೇಳಿ, ಆಮೇಲೆ ಹೊರಗೆ ತಮ್ಮ ತೋಟದ ಕಡೆ ನೋಡುತ್ತ, “ನಮ್ಮ ಮೆಣಸು ಕೊಯ್ಯುವವರು ಮೂವತ್ತಡಿ ಹತ್ತುತ್ತಾರಲ್ಲ, ಮಾಷ್ಟ್ರೇ. ಅವರಿಗೆ ಯಾವ ಪಟ್ಟಿ ಇದೆ?” ಎಂದರು.

ನಮಗೆ ಉತ್ತರ ತೋಚಲಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ಸಿಲ್ವರ್ ಓಕ್, ಹಾಲುವಾಣ ಮೊದಲಾದ ನೆರಳುಮರಗಳಿಗೆ ಕರಿಮೆಣಸಿನ ಬಳ್ಳಿಯನ್ನು ಹಬ್ಬಿಸುವುದು ವಾಚಕರಿಗೆ ತಿಳಿದದ್ದೇ. ಚಳಿಗಾಲ ಕಳೆಯುತ್ತ ಬಂದಂತೆ ಅದರ ಕೊಯ್ಲು. ಒಂಟಿ ಬಿದಿರಿನ ಏಣಿಯನ್ನು ಮರಕ್ಕೊರಗಿಸಿ, ಬೆನ್ನಿಗೆ ಚೀಲ ಕಟ್ಟಿ, ಒಂದು ಕೈಯಿಂದ ಮರವನ್ನೂ ಒಂದು ಕೈಯಿಂದ ಗೊಂಚಲನ್ನೂ ಹಿಡಿದು ಕೊಯ್ಯುತ್ತಾರೆ. ಅವರಿಗೆ ಪೀಠವೂ ಇಲ್ಲ, ಸುಖವೂ ಇಲ್ಲ. ಈಚೆಗೆ ಹಗುರವೆಂದು ಅಲ್ಯುಮಿನಿಯಮ್ ಏಣಿಗಳು ಬಂದುವು. ಅವು ತೋಟದ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೆ ತಾಗಿ ಕೆಲಸಗಾರರು ಪ್ರಾಣಬಿಟ್ಟ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಒಂದಲ್ಲ, ಹಲವು ಸಲ ಓದಿದ್ದೇವೆ. ಓದಿ ಅಯ್ಯೋ ಎಂದು ಪುಟ ತಿರುವಿದ್ದೇವೆ. ಒಂಬತ್ತು ದಿನ ವಿನೋದಕ್ಕಾಗಿ ಮರವೇರುವವನಿಗೆ ವಾರವಿಡೀ ಕುಳಿತು ಕಾಗದ ಬರೆದವರು, ಎರಡು ತಿಂಗಳು ಹೊಟ್ಟೆಪಾಡಿಗಾಗಿ ಏರುವವರಿಗೆ ಒಂದು ಸಾಲನ್ನೂ ಬರೆದಿರಲಿಲ್ಲ.

ಶಿಷ್ಯನು ಬಟ್ಟೆಯ ಆಸನದ, ಅಗಲವಾದ ಪೀಠವನ್ನೇ ಕೊಂಡನು. ಮೊದಲ ದಿನ ಹಿಮದಲ್ಲಿ ಐದು ಗಂಟೆ ಕುಳಿತು, ಒಂದು ಹೆಣ್ಣು ಜಿಂಕೆ ಎರಡು ಮರಿಗಳೊಡನೆ ಕೆಳಗೇ ಹಾದುಹೋದುದನ್ನು ನೋಡಿ ಬರಿಗೈಯಲ್ಲಿ ಇಳಿದೆನೆಂದು ಬರೆದನು. ಕಾಲಿಗೆ ಜೋಮು ಹಿಡಿಯಲಿಲ್ಲವಂತೆ.

ಇತ್ತ ಆ ತಾಯಿಯು ಮೈಸೂರಿನಿಂದ ನಾಲ್ಕು ಮೈಪಟ್ಟಿಗಳನ್ನು ತರಿಸಿದರು. ಅಲ್ಯುಮಿನಿಯಮ್ ಏಣಿಗಳನ್ನು ತಂತಿಯ ಬಳಿಯ ಸಾಲುಗಳಿಗೆ ಒಯ್ಯಕೂಡದೆಂದು ಕಟ್ಟಪ್ಪಣೆ ಮಾಡಿದರು. ಕೊಯ್ಯುವವರು ಒಂದು ದಿನ ಕಟ್ಟಿಕೊಂಡು ಮರುದಿನ ಪಟ್ಟಿಗಳನ್ನು ಜಗಲಿಯ ಮೊಳೆಗೆ ನೇತುಹಾಕಿದರು. ಅವರ ಮಾತಿನಲ್ಲಿ ನ್ಯಾಯವಿತ್ತು: ಕೂಲಿಯು ಕಿಲೋ ಲೆಕ್ಕದಲ್ಲಿ, ಮರ ಮರಕ್ಕೂ ಹಗ್ಗ ಬಿಚ್ಚಿ ಕಟ್ಟಿದರೆ ಸಂಜೆಗೆ ತೂಕ ಕಡಮೆಯಾಗುವುದು. ಆಕೆ ಎರಡು ದಿನ ಲೆಕ್ಕ ಹಾಕಿ, ಪಟ್ಟಿ ಕಟ್ಟಿದವರಿಗೆ ದಿನಗೂಲಿಯೆಂದು ಗೊತ್ತುಮಾಡಿದರು. ಈ ಸಲದ ಕೊಯ್ಲು ಮುಗಿಯುವ ವೇಳೆಗೆ ನಾಲ್ವರಲ್ಲಿ ಮೂವರು ಕಟ್ಟಿಕೊಳ್ಳುತ್ತಿದ್ದರು. ನಾಲ್ಕನೆಯವನು ಎಲ್ಲರಿಗಿಂತ ಹಳಬ. ಮೂವತ್ತು ವರ್ಷ ಬೀಳದವನು ಈಗೇಕೆ ಬಿದ್ದೇನೆಂದು ಅವನ ವಾದ. ಅವನ ಪಟ್ಟಿ ಇನ್ನೂ ಮೊಳೆಯ ಮೇಲೆಯೇ ಇದೆ.